ಎರಡು ಉಸಿರುಗಳ ನಡುವಿನ ಗಾಳಿ

ಊದು ಡಬ್ಬಿ ಸುಳ್ಳು ಹೇಳುವುದಿಲ್ಲ ಎಂದು ಆ ಊರು ಒಪ್ಪಿಕೊಂಡು ಆರು ವರ್ಷಗಳಾಗಿದ್ದವು. ಸರಕಾರದ ಕಾಗದಗಳಲ್ಲಿ ಅದರ ಹೆಸರು ಶ್ವಾಸದರ್ಶಕ. ಜನರ ಬಾಯಲ್ಲಿ ಮಾತ್ರ ಮೊದಲ ದಿನದಿಂದಲೂ ಊದು ಡಬ್ಬಿ. ಗೋಡೆಗೆ ತಗುಲಿಸಿದ, ಟಿಫಿನ್ ಡಬ್ಬಿಯಷ್ಟು ದೊಡ್ಡ ಬೂದು ಪೆಟ್ಟಿಗೆ. ಅದಕ್ಕೊಂದು ಬೆರಳುದ್ದದ ಪ್ಲಾಸ್ಟಿಕ್ ನಳಿಗೆ. ಬಸ್ಸು ನಡೆಸುವವರಿರಲಿ, ಕ್ರೇನ್ ಎತ್ತುವವರಿರಲಿ, ಆಪರೇಷನ್ ಮಾಡುವ ಡಾಕ್ಟರಿರಲಿ, ಕೆಲಸಕ್ಕೆ ಕೈ ಹಚ್ಚುವ ಮೊದಲು ಅದರೊಳಗೆ ಊದಬೇಕು. ಹಸಿರು ದೀಪ ಬಂದರೆ ಕೆಲಸಕ್ಕೆ, ಕೆಂಪು ಬಂದರೆ ಮನೆಗೆ. ಒಮ್ಮೆ ಕೆಂಪು ಬಿತ್ತೆಂದರೆ ಡಬ್ಬಿ ಆ ಹೆಸರನ್ನು ಇಡೀ ದಿನ ಮುಚ್ಚಿಬಿಡುತ್ತಿತ್ತು. ಬಾಯಿ ಮುಕ್ಕಳಿಸಿ ಬಂದು ಮತ್ತೆ ಊದುವವರ ಕಾಟ ತಾಳಲಾರದೆ ಮಾಡಿದ ನಿಯಮ ಅದು. ತಿಂಗಳಲ್ಲಿ ಮೂರು ಕೆಂಪು ಬಿದ್ದರೆ ಲೈಸೆನ್ಸ್ ಜೀವಮಾನಕ್ಕೆ ಹೋದಂತೆ.

ದೊಡ್ಡ ಶಹರಗಳಲ್ಲಿ ಗಾಡಿಗಳು ತಾವೇ ಓಡುವುದನ್ನು ಕಲಿತಿದ್ದವು. ಈ ಊರಿನ ಓಣಿಗಳಿಗೆ ಇನ್ನೂ ಮನುಷ್ಯರೇ ಬೇಕಾಗಿತ್ತು. ಅರ್ಧ ರಸ್ತೆಗೆ ಚಾಚಿದ ಮನೆಯ ಮೆಟ್ಟಿಲು, ಅದರ ಮೇಲೆ ಮಲಗಿದ ಎಮ್ಮೆ, ಎಮ್ಮೆಯ ಮೇಲೆ ಒಣಹಾಕಿದಂತೆ ಜೋತುಬಿದ್ದ ಕೇಬಲ್ಲು ಇವನ್ನೆಲ್ಲ ಯಾವ ಯಂತ್ರಕ್ಕೆ ಹೇಳಿ ತಿಳಿಸುವುದು? ಹಾಗಾಗಿ ನಗರದ ವಾಹನ ಡಿಪೊದಲ್ಲಿ ಮೂವತ್ತೊಂದು ಮಂದಿ ಡ್ರೈವರುಗಳಿದ್ದರು. ಅವರನ್ನು ದಿನಾ ಬೆಳಗಿನ ಐದೂವರೆಗೆ ಸಾಲಾಗಿ ಊದಿಸುವ ಕೆಲಸ ದಾಕ್ಷಾಯಿಣಿಯದು.

ನಲವತ್ತೇಳು ವಯಸ್ಸಿನ ದಾಕ್ಷಾಯಿಣಿಗೆ ಅಚ್ಚುಕಟ್ಟಿನ ಹೆಂಗಸೆಂದು ಹೆಸರಿತ್ತು. ಅವಳ ಮೇಜಿನ ಮೇಲೆ ಬಿಳಿ ಬಟ್ಟೆ, ರಿಜಿಸ್ಟರಿನ ಮೇಲೆ ಪ್ಲಾಸ್ಟಿಕ್ ಹೊದಿಕೆ. ಡ್ರೈವರುಗಳು ಅವಳನ್ನು ಅಕ್ಕಾರ ಎನ್ನುತ್ತಿದ್ದರು. ಒಬ್ಬೊಬ್ಬರಿಗೂ ಒಂದೊಂದು ಹೊಸ ನಳಿಗೆ, ಸೀಲು ಹರಿದು ಕೊಡಬೇಕು, ಊದಿದ ಮೇಲೆ ಬುಟ್ಟಿಗೆ ಹಾಕಬೇಕು ಎಂಬುದು ಪದ್ಧತಿ. ಆ ಚಳಿಗಾಲದಲ್ಲಿ ನಳಿಗೆಗಳು ಬರುವುದು ನಿಂತಿತು. ಕೇಳಿದರೆ ಮೇಲಿನಿಂದಲೇ ಬಂದಿಲ್ಲ ಎಂದರು. ಉಳಿದಿದ್ದ ಒಂದಿಷ್ಟನ್ನು ದಿನಕ್ಕೊಂದರಂತೆ ಬಳಸಿರೆಂದು ಸೂಪರಿಂಟೆಂಡೆಂಟ್ ಗುರುಪಾದಪ್ಪನವರು ಹೇಳಿದರು. ಒಂದೇ ನಳಿಗೆಗೆ ಮೂವತ್ತೊಂದು ಬಾಯಿ, ಕೊನೆಯಲ್ಲಿ ಊದುವ ದಾಕ್ಷಾಯಿಣಿಯದು ಸೇರಿ ಮೂವತ್ತೆರಡು.

ಸಾಲಿನಲ್ಲಿ ಯಾವಾಗಲೂ ಮೊದಲು ನಿಲ್ಲುವವಳು ಹುಲಿಗೆವ್ವ. ಗಟಾರದ ಹೊಲಸನ್ನು ಹೀರುವ ದೊಡ್ಡ ಗಾಡಿ ಅವಳದು. ಪೇಟೆ ತೆರೆಯುವ ಮುನ್ನ ಅದು ಹೊರಡಬೇಕು. ಅವಳ ಅಪ್ಪ ಅದೇ ಗಟಾರಗಳೊಳಗೆ ಮೈಯಿಳಿಸಿ ದುಡಿದವನು. ಅವಳ ಹಿಂದೆ ನೀರಿನ ಟ್ಯಾಂಕರಿನ ದಾವಲಸಾಬ. ಅವನ ಹಿಂದೆ ಉಳಿದವರು.

ಒಂದೇ ನಳಿಗೆಯ ಮೊದಲ ದಿನ ಹುಲಿಗೆವ್ವ ಊದಿ ಸರಿದಾಗ ದಾಕ್ಷಾಯಿಣಿಯ ಕೈ ತಾನಾಗಿಯೇ ಮೇಜಿನ ಖಾನೆಗೆ ಹೋಯಿತು. ಅಲ್ಲಿ ಪ್ರಥಮ ಚಿಕಿತ್ಸೆಯ ಸ್ಪಿರಿಟ್ ಬಾಟಲಿ, ಹತ್ತಿ ಇದ್ದವು. ಹತ್ತಿಯನ್ನು ಅದ್ದಿ, ನಳಿಗೆಯನ್ನು ಕಿತ್ತು ಮೇಜಿನ ಮರೆಯಲ್ಲಿ ಅದರ ಬಾಯನ್ನು ಒಮ್ಮೆ ಒರೆಸಿ ಮತ್ತೆ ಸಿಕ್ಕಿಸಿದಳು. ಒರೆಸಿದ್ದು ಅವಳಿಗೇ ಸರಿಯಾಗಿ ಗಮನಕ್ಕೆ ಬರಲಿಲ್ಲ. ದಾವಲಸಾಬ ಊದಿದ ಮೇಲೆ ಒರೆಸಲಿಲ್ಲ. ಅವನ ಹಿಂದಿನವನದ್ದೂ ಒರೆಸಲಿಲ್ಲ. ಮುಂದೆ ನಿಂತ ಹಿರಿಯ ಗಂಡಸಿನ ಎದುರಿಗೇ ಅವನು ಬಾಯಿಟ್ಟಿದ್ದನ್ನು ಒರೆಸಿದರೆ ಅವಮಾನ ಮಾಡಿದಂತಾಗುತ್ತದಲ್ಲ. ಮರುದಿನವೂ ಹಾಗೆಯೇ ಆಯಿತು. ಮೂರನೆಯ ದಿನಕ್ಕೆ ಅದು ರೂಢಿಯಾಯಿತು. ಯಾರಾದರೂ ಕೇಳಿದ್ದರೆ ಸ್ವಚ್ಛತೆ ಎನ್ನುತ್ತಿದ್ದಳು. ಯಾರೂ ಕೇಳಲಿಲ್ಲ.

ಹತ್ತೊಂಬತ್ತು ದಿನಗಳಲ್ಲಿ ದಾವಲಸಾಬನಿಗೆ ಮೂರು ಸಲ ಕೆಂಪು ಬಿತ್ತು.

ಮೊದಲ ಸಲ ಸಾಲಿನಲ್ಲಿದ್ದವರೆಲ್ಲ ನಕ್ಕುಬಿಟ್ಟರು. ಐದು ಹೊತ್ತು ನಮಾಜು ಮಾಡುವ ಮನುಷ್ಯ, ಕೆಮ್ಮಿನ ಔಷಧ ಕುಡಿಯುವುದಕ್ಕೂ ಮುಂಚೆ ಲೇಬಲ್ ಓದಿಸಿ ಕೇಳುವವನು. ಎರಡನೆಯ ಸಲ ನಗು ಕಡಿಮೆಯಾಯಿತು. ಮೂರನೆಯ ಸಲ ಯಾರೂ ನಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಡಬ್ಬಿ ಸುಳ್ಳು ಹೇಳುವುದಿಲ್ಲವಲ್ಲ. ಅವನು ಆಸ್ಪತ್ರೆಗೆ ಓಡಿ, ಸರದಿಯಲ್ಲಿ ಕಾದು ರಕ್ತ ಕೊಟ್ಟು ಬರುವಷ್ಟರಲ್ಲಿ ಮೂರು ತಾಸು ಕಳೆದಿತ್ತು. ಅಷ್ಟು ಹೊತ್ತಿನಲ್ಲಿ ಕುಡಿದದ್ದು ಇಳಿದಿರಬಹುದೆಂದು ಆ ಕಾಗದವನ್ನು ಬದಿಗಿಟ್ಟರು. ಅವನನ್ನು ಅಮಾನತಿನಲ್ಲಿಟ್ಟು, ಮುಂದಿನ ಶುಕ್ರವಾರ ವಿಚಾರಣೆಯೆಂದು ತೀರ್ಮಾನವಾಯಿತು.

ಗುರುಪಾದಪ್ಪನವರು ದಾಕ್ಷಾಯಿಣಿಯನ್ನು ಕರೆಸಿ ಒಂದೇ ಪ್ರಶ್ನೆ ಕೇಳಿದರು. ನಳಿಗೆಯನ್ನು ಸ್ವಚ್ಛ ಇಡುತ್ತೀರಷ್ಟೆ? ಅವಳು ತಟ್ಟನೆ, ಒಬ್ಬೊಬ್ಬರು ಊದಿದ ಮೇಲೂ ಒರೆಸುತ್ತೇನೆ, ಎಲ್ಲರದ್ದೂ ಎಂದಳು. ಹಾಗೇಕೆ ಅಂದಳೋ. ಗುರುಪಾದಪ್ಪನವರು ತಲೆಯಾಡಿಸಿದರು. ಎಲ್ಲರದ್ದೂ ಒಂದೇ ರೀತಿ ಒರೆಸಿದ್ದೇ ಹೌದಾದರೆ, ಒರೆಸಿದ್ದರ ದೋಷ ಎಲ್ಲರಿಗೂ ಬರಬೇಕಿತ್ತು. ಅವನೊಬ್ಬನಿಗೇ ಬಂದಿದೆಯೆಂದರೆ ಅವನು ಕುಡಿದಿದ್ದಾನೆ. ಅವಳ ಮಾತನ್ನು ಹಾಗೆಯೇ ಬರೆದುಕೊಂಡರು.

ಮನೆಗೆ ಈ ಸುದ್ದಿ ಅವಳಿಗಿಂತ ಮೊದಲೇ ತಲುಪಿತ್ತು. ಗಂಡ ಮಹಾಂತೇಶ ಊಟಕ್ಕೆ ಕೂತವನು, ಸಂಭಾವಿತರಂತೆ ಕಾಣುವವರೇ ಹೆಚ್ಚು ಕುಡಿಯುತ್ತಾರೆಂದು ನಕ್ಕ. ಕಾಲೇಜಿನಲ್ಲಿ ಓದುವ ಮಗಳು ಸಿಂಚನಾ, ದಾವಲ್ ಕಾಕಾ ಹಂಗಲ್ಲ ಎಂದಳು. ಬೇಸಿಗೆಯಲ್ಲಿ ಓಣಿಗೆ ನೀರು ಬರದಿದ್ದಾಗ ಟ್ಯಾಂಕರನ್ನು ತಮ್ಮ ಮನೆಯ ಮುಂದೆಯೇ ನಿಲ್ಲಿಸಿ ಎರಡು ಕೊಡ ಹೆಚ್ಚಿಗೆ ಬಿಡುತ್ತಿದ್ದವನು. ದಾಕ್ಷಾಯಿಣಿ ರೊಟ್ಟಿ ತಟ್ಟುತ್ತಲೇ ಇದ್ದಳು. ಅಂದು ರೊಟ್ಟಿಗಳು ಹಂಚಿನ ಮೇಲೆ ಉಬ್ಬಲೇ ಇಲ್ಲ.

ಅಮಾನತಾದ ಮೇಲೂ ದಾವಲಸಾಬ ಡಿಪೊಗೆ ಬರುವುದನ್ನು ಬಿಡಲಿಲ್ಲ. ದಿನಾ ಐದೂವರೆಗೆ ಖಾಕಿ ಅಂಗಿ ಹಾಕಿಕೊಂಡು ಗೇಟಿನ ಬಳಿಯ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದ. ಒಂದು ಬೆಳಿಗ್ಗೆ ದಾಕ್ಷಾಯಿಣಿ ತನ್ನ ಫ್ಲಾಸ್ಕಿನ ಚಹಾ ಬಗ್ಗಿಸಿ ಕೊಟ್ಟಳು. ಅವನು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಹೆಂಡತಿ ನಂಬುತ್ತಾಳೆ, ಅದೊಂದು ಪುಣ್ಯ ಎಂದ. ಹಿರಿಯ ಅಳಿಯ ಫೋನ್ ಎತ್ತುತ್ತಿಲ್ಲ ಎಂದ. ಆಮೇಲೆ ನೆಲ ನೋಡುತ್ತ ಹೇಳಿದ:

“ಮಸೀದ್ಯಾಗ ಸಾಲಿನ್ಯಾಗ ನಿಂತಾಗ ಬಾಜೂಕಿನವರು ಮೆಲ್ಲಕ ಮೂಸಿ ನೋಡ್ತಾರ್ರಿ ಅಕ್ಕಾರ. ನಾನೂ ಈಗ ನನ್ನ ಅಂಗೈಯಾಗ ಊದಿ ಮೂಸಿ ನೋಡ್ಕೊಳ್ತೀನಿ. ಏನರ ವಾಸನಿ ಐತೇನೋ ಅಂತ.”

ದಾಕ್ಷಾಯಿಣಿ ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು. ಆ ಹೊತ್ತಿಗೆ ಅವಳಿಗೆ ತಿಳಿದಿತ್ತೇ, ತಿಳಿದಿರಲಿಲ್ಲವೇ? ಮುಂದೆ ಎಷ್ಟೋ ಸಲ ಅವಳು ತನ್ನನ್ನೇ ಕೇಳಿಕೊಂಡ ಪ್ರಶ್ನೆ ಇದು. ತರಬೇತಿಯಲ್ಲಿ ಕೊಟ್ಟ ಪುಸ್ತಕದ ನಾಲ್ಕನೆಯ ಪುಟದಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿತ್ತು: ನಳಿಗೆಗೆ ಸ್ಪಿರಿಟ್ ಮುಟ್ಟಿಸಬಾರದು. ಅವಳು ಅದನ್ನು ಓದಿದ್ದಳು. ಓದಿದ್ದನ್ನು ಎಲ್ಲಿ ಇಟ್ಟಿದ್ದಳೋ.

ಮೂರು ತಿಂಗಳಿಗೊಮ್ಮೆ ಡಬ್ಬಿಯನ್ನು ಜಿಲ್ಲಾ ಪ್ರಯೋಗಾಲಯಕ್ಕೆ ಒಯ್ದು ತಪಾಸಣೆ ಮಾಡಿಸಬೇಕು. ಆ ಸಲದ ಸರದಿ ವಿಚಾರಣೆಯ ಹಿಂದಿನ ದಿನ, ಗುರುವಾರವೇ ಬಂತು. ಬದಲಿ ಡಬ್ಬಿಯನ್ನು ಗೋಡೆಗೆ ಹಾಕಿಸಿ, ಇದನ್ನು ಸೀರೆಯ ಗಂಟಿನಂತೆ ಮಡಿಲಲ್ಲಿಟ್ಟುಕೊಂಡು ದಾಕ್ಷಾಯಿಣಿ ಬಸ್ಸಿನಲ್ಲಿ ಹೋದಳು.

ಅಲ್ಲಿದ್ದವಳು ಮಾನಸಿ ಕಾಮತ್ ಎಂಬ ಮೂವತ್ತರೊಳಗಿನ ವಿಜ್ಞಾನಿ. ಕರಾವಳಿಯ ಕಡೆಯವಳು, ಮಾತು ಚುರುಕು. ಡಬ್ಬಿಯ ತಂತಿಯನ್ನು ತನ್ನ ಪರದೆಗೆ ಜೋಡಿಸುತ್ತ, ಇದರೊಳಗೆ ಏನಿದೆ ಎಂದು ನೀವು ಯಾವತ್ತಾದರೂ ನೋಡಿದ್ದೀರಾ ಎಂದು ಕೇಳಿದಳು. ಇಲ್ಲವೆಂದಾಗ ಕುರ್ಚಿಯನ್ನು ಹತ್ತಿರಕ್ಕೆ ಎಳೆದು ಕೂರಿಸಿಕೊಂಡಳು. ಡಬ್ಬಿ ಮದ್ಯವೊಂದನ್ನೇ ಮೂಸುವುದಿಲ್ಲ. ಒಂದು ಉಸಿರಿನಲ್ಲಿ ನೂರಾರು ಬಗೆಯ ಆವಿಗಳಿರುತ್ತವೆ. ಅಷ್ಟನ್ನೂ ಬೇರೆಬೇರೆಯಾಗಿ ಗುರುತಿಸುತ್ತದೆ. ಜನ ಊದಿದಾಗ ಮಾತ್ರವಲ್ಲ. ಒಬ್ಬರು ಊದಿ ಇನ್ನೊಬ್ಬರು ಊದುವ ನಡುವೆ ತನ್ನನ್ನು ತಾನು ಸರಿಪಡಿಸಿಕೊಳ್ಳಲು ಅದೂ ಉಸಿರೆಳೆಯುತ್ತದೆ, ಸೆಕೆಂಡಿಗೆ ಹತ್ತು ಸಲ. ಆ ನಡುವಿನ ಗಾಳಿಯ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಮೂವತ್ತು ದಿನ ಇಟ್ಟುಕೊಂಡು ಅಳಿಸಿಬಿಡುತ್ತದೆ.

ಪರದೆಯ ಮೇಲೆ ಒಂದು ಬೆಳಗಿನ ಗೆರೆ ಮೂಡಿತು. ಮೂವತ್ತೆರಡು ದಿಬ್ಬಗಳು: ಡ್ರೈವರುಗಳ ಮೂವತ್ತೊಂದು ಉಸಿರುಗಳು, ಕೊನೆಯದು ಅವಳದೇ. ಮೊದಲನೆಯ ದಿಬ್ಬವನ್ನು ಮಾನಸಿ ದೊಡ್ಡದು ಮಾಡಿದಳು. ಡಬ್ಬಿ ಇಲ್ಲಿ ಹೆಸರುಗಳನ್ನು ತೋರಿಸುತ್ತಿರಲಿಲ್ಲ, ಸಂಖ್ಯೆಗಳನ್ನಷ್ಟೇ. ಈ ಒಂದನೇ ನಂಬರಿನವರ ಉಸಿರು ಎಷ್ಟು ಶುಭ್ರವಾಗಿದೆ ನೋಡಿ ಎಂದಳು. ಸ್ನಾನದ ಸೋಪು, ತಲೆಯಲ್ಲಿ ಮಲ್ಲಿಗೆ ಇರಬೇಕು, ಶ್ವಾಸಕೋಶದಲ್ಲಿ ಒಂದು ಸಣ್ಣ ದೋಷವೂ ಇಲ್ಲ. ಒಂಬತ್ತು, ಹತ್ತು, ಹದಿನಾಲ್ಕನೆಯವರಿಗೆ ಒಸಡಿನ ಹುಣ್ಣು. ಮೊದಲು ಒಂಬತ್ತನೆಯವರಿಗೆ ಇದ್ದದ್ದು ಆಮೇಲೆ ಉಳಿದಿಬ್ಬರಿಗೆ ಬಂದಂತಿದೆ. ನಳಿಗೆ ಹಂಚಿಕೊಂಡಿದ್ದೀರಾ? ದಾಕ್ಷಾಯಿಣಿ ಪರದೆಯತ್ತ ಬಾಗಿದಳು. ಅವಳ ಕಣ್ಣು ಬೇರೆಡೆ ನೆಟ್ಟಿತ್ತು.

ಮೊದಲ ದಿಬ್ಬಕ್ಕೂ ಎರಡನೆಯದಕ್ಕೂ ನಡುವೆ ಒಂದು ತೆಳ್ಳಗಿನ ಮುಳ್ಳು ಎದ್ದು ನಿಂತಿತ್ತು. ಮಾನಸಿಯೂ ನೋಡಿದಳು. ಮುಂದಿನ ದಿನದ ಗೆರೆ ತೆರೆದಳು, ಅಲ್ಲೂ ಮುಳ್ಳು. ಅದರ ಮುಂದಿನ ದಿನ, ಅದರ ಮುಂದಿನ ದಿನ. ಹತ್ತೊಂಬತ್ತು ದಿನಗಳನ್ನು ಒಂದರ ಕೆಳಗೊಂದು ಜೋಡಿಸಿದಾಗ ಆ ಮುಳ್ಳುಗಳು ಹೊಲಿಗೆಯಂತೆ ನೇರ ಸಾಲಾದವು. ಉಳಿದ ಮೂವತ್ತು ಸಂದುಗಳು ಬೋಳಾಗಿದ್ದವು.

“ಇದು ಸ್ಪಿರಿಟ್. ಬಾಯಿಂದ ಬಂದದ್ದಲ್ಲ, ಬಾಟಲಿಯಿಂದ. ಬಾಯಿಂದ ಬಂದಿದ್ದರೆ ಜೊತೆಗೆ ಮೈಯ ಶಾಖ, ತೇವ ಇರುತ್ತಿತ್ತು,” ಎಂದಳು ಮಾನಸಿ. ಚಳಿಯಲ್ಲಿ ಅದು ಬೇಗ ಆರುವುದಿಲ್ಲ. ಎರಡನೆಯವರು ಅವಸರದಲ್ಲಿ ಊದಿದ ದಿನ ಕೆಂಪು ಬಿದ್ದಿದೆ. ಡಬ್ಬಿಗೆ ಇದೆಲ್ಲ ಗೊತ್ತೇ ಇತ್ತು, ನಾವು ಅದಕ್ಕೆ ಕೇಳುವ ಪ್ರಶ್ನೆ ಮಾತ್ರ ಒಂದೇ ಎಂದು ನಕ್ಕಳು. ಆಮೇಲೆ ಹುಬ್ಬು ಗಂಟಿಕ್ಕಿ, ಯಾವ ಕುಹಕವೂ ಇಲ್ಲದೆ ಕೇಳಿದಳು:

“ಮೇಡಂ, ಈ ಒಂದನೇ ನಂಬರಿನವರದ್ದು ಮಾತ್ರ ಯಾಕೆ ಒರೆಸಿದ್ದೀರಿ? ಇವರಿಗೇನಾದರೂ ಸೋಂಕಿತ್ತಾ?”

ಕೋಣೆಯಲ್ಲಿ ಎಸಿ ಇತ್ತು. ದಾಕ್ಷಾಯಿಣಿಯ ಕಿವಿಗಳು ಸುಡತೊಡಗಿದವು. ತಾನು ದಿನಾ ಮೇಜಿನ ಮರೆಯಲ್ಲಿ ಮಾಡುತ್ತಿದ್ದ, ತನಗೂ ಕಾಣಿಸದಂತೆ ಮಾಡುತ್ತಿದ್ದ ಅದೊಂದು ಪುಟ್ಟ ಕೈಚಲನೆ ಇಲ್ಲಿ ಪರದೆಯಗಲ ನಿಂತಿತ್ತು. ಮಾನಸಿ ಅವಳ ಮುಖ ನೋಡಿ ಏನನ್ನೋ ಗ್ರಹಿಸಿರಬೇಕು, ಮತ್ತೆ ಕೇಳಲಿಲ್ಲ. ನಿಧಾನವಾಗಿ ನಿಯಮ ಹೇಳಿದಳು. ನಡುವಿನ ಗಾಳಿ ಅಧಿಕೃತ ವರದಿಗೆ ಸೇರುವುದಿಲ್ಲ. ಡಬ್ಬಿ ನೋಡಿಕೊಳ್ಳುವವರು ಬರೆದುಕೊಟ್ಟು ಸಹಿ ಮಾಡಿದರೆ ಮಾತ್ರ ಮುದ್ರಿಸಿ ಕೊಡಬಹುದು. ಇಲ್ಲದಿದ್ದರೆ ಇನ್ನು ಕೆಲವೇ ದಿನಗಳಲ್ಲಿ ಒಂದೊಂದಾಗಿ ತಾನೇ ಅಳಿಯತೊಡಗುತ್ತದೆ. ಅರ್ಜಿಯ ಹಾಳೆಯನ್ನು ಮೇಜಿನ ಮೇಲಿಟ್ಟು, ಚಹಾ ತರುತ್ತೇನೆಂದು ಎದ್ದುಹೋದಳು. ಬಂದಾಗ ಹಾಳೆ ಮೇಜಿನ ಮೇಲಿರಲಿಲ್ಲ. ದಾಕ್ಷಾಯಿಣಿ ಅದನ್ನು ತುಂಬದೆಯೇ ಮಡಚಿ ಚೀಲದೊಳಗೆ ಹಾಕಿಕೊಂಡಿದ್ದಳು.

ಸಂಜೆ ಅಡಿಗೆಮನೆಯಲ್ಲಿ ಹೆಸರುಕಾಳು ಆರಿಸುತ್ತ ಕೂತವಳ ಎದುರಿಗೆ ಸಿಂಚನಾ ಬಂದು ಕೂತಳು. ಮಗಳೊಬ್ಬಳಿಗಾದರೂ ಹೇಳಿದರೆ ಹಗುರಾದೀತೆಂದು ದಾಕ್ಷಾಯಿಣಿ ನಡೆದದ್ದನ್ನು ಹೇಳಿದಳು. ಹೇಳುವಾಗ ಸೋಂಕು, ಗಟಾರ, ರೋಗಾಣು ಎಂಬ ಮಾತುಗಳನ್ನು ನಡುನಡುವೆ ಸೇರಿಸಿದಳು. ಸಿಂಚನಾ ಕಾಳಿನಲ್ಲಿ ಬೆರಳಾಡಿಸುತ್ತ ಕೇಳಿಸಿಕೊಂಡಳು.

“ಅವರು ಊದೂದು ಮುಂಜಾನೆ ಕೆಲಸಕ್ಕ ಹೋಗೂಕಿಂತ ಮೊದಲ ಅಲ್ಲವಾ? ಜಳಕಾ ಮಾಡಿ ಬಂದಿರ್ತಾರಲ್ಲ?”

“ಮಾಡಿರ್ತಾಳ.”

“ಮತ್ತ?”

ದಾಕ್ಷಾಯಿಣಿ ಬಾಯಿ ತೆರೆದಳು. ಹೇಳಲು ಇದ್ದದ್ದೆಲ್ಲ ಅವಳು ಹುಟ್ಟಿದಾಗಿನಿಂದ ಯಾರೂ ಬಾಯಿಬಿಟ್ಟು ಹೇಳದೆ ಅವಳಿಗೆ ಕಲಿಸಿಬಿಟ್ಟಿದ್ದ ಮಾತುಗಳು. ಅವು ನಾಲಿಗೆಗೆ ಬರಲೊಲ್ಲವು. ಮಗಳು ಮೊರವನ್ನು ತನ್ನ ಕಡೆಗೆಳೆದುಕೊಂಡು ಉಳಿದ ಕಾಳನ್ನು ತಾನೇ ಆರಿಸಿದಳು. ತಾಯಿಯ ಮುಖವನ್ನು ಮಾತ್ರ ನೋಡಲಿಲ್ಲ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ವಿಷಯ ಮಹಾಂತೇಶನ ಕಿವಿಗೂ ಬಿತ್ತು. ಅವನಿಗೆ ಇದರಲ್ಲಿ ತೊಡಕೇ ಕಾಣಲಿಲ್ಲ. ಡಬ್ಬಿ ಕೆಟ್ಟಿತ್ತು ಎಂದು ಬರೆದುಕೊಡು, ದಾವಲಸಾಬನೂ ಉಳಿಯುತ್ತಾನೆ, ನಿನ್ನ ಮಾನವೂ ಉಳಿಯುತ್ತದೆ ಎಂದ. ಆದರೆ ತಪಾಸಣೆಯಲ್ಲಿ ಡಬ್ಬಿ ಸರಿಯಿದೆಯೆಂದು ಆಗಲೇ ಮುದ್ರೆ ಬಿದ್ದಿತ್ತು. ಎಲ್ಲರದ್ದೂ ಒರೆಸುತ್ತೇನೆಂಬ ಮಾತು ಗುರುಪಾದಪ್ಪನವರ ಕಡತದಲ್ಲಿತ್ತು. ಆ ಮಾತು ಇರುವ ತನಕ ದಾವಲಸಾಬ ಕುಡುಕನೇ. ಅದನ್ನು ತೆಗೆಯಬೇಕೆಂದರೆ ಯಾರದ್ದನ್ನು ಒರೆಸಿದೆ ಎಂದು ಹೇಳಬೇಕು. ದಾರಿ ಅದೊಂದೇ.

ಶುಕ್ರವಾರ ಡಿಪೊದ ಶೆಡ್ಡಿನಲ್ಲೇ ವಿಚಾರಣೆ. ಟೈರುಗಳ ರಾಶಿಯ ಪಕ್ಕ ಮೇಜು ಹಾಕಿ, ಗುರುಪಾದಪ್ಪನವರೂ ಮೇಲಿನಿಂದ ಬಂದ ಒಬ್ಬ ಅಧಿಕಾರಿಯೂ, ಬರೆದುಕೊಳ್ಳಲು ಒಬ್ಬ ಗುಮಾಸ್ತನೂ ಕೂತಿದ್ದರು. ಪಾಳಿ ಮುಗಿಸಿದ ಡ್ರೈವರುಗಳು ಸುತ್ತ ನಿಂತಿದ್ದರು. ಹುಲಿಗೆವ್ವ ಕಂಬಕ್ಕೆ ಒರಗಿದ್ದಳು, ತೊಳೆದ ಕೂದಲು ಬೆನ್ನ ಮೇಲಿತ್ತು. ದಾವಲಸಾಬ ಮೇಜಿನೆದುರು ನಿಂತು, ತಾನು ಕುಡಿದಿಲ್ಲವೆಂದು ಎರಡು ಸಲ ಹೇಳಿದ. ಮೂರನೆಯ ಸಲ ಹೇಳಲು ಹೋಗಿ ಬಿಟ್ಟುಬಿಟ್ಟ.

ದಾಕ್ಷಾಯಿಣಿಯನ್ನು ಕರೆದರು. ಅವಳು ಚೀಲದಿಂದ ಅರ್ಜಿಯ ಹಾಳೆ ತೆಗೆದಳು. ತುಂಬಿ ಸಹಿ ಮಾಡಿದ್ದಳು. ಕೊಡುವ ಮೊದಲು, ನನ್ನ ಮಾತು ತಪ್ಪಾಗಿ ಬರೆಸಿದ್ದೇನೆ ಎಂದಳು.

“ನಾ ಎಲ್ಲಾರದ್ದೂ ಒರಸತಿದ್ದಿಲ್ರಿ. ಹುಲಿಗೆವ್ವ ಊದಿದ ಮ್ಯಾಲಷ್ಟ ಒರಸತಿದ್ದೆ. ಸ್ಪಿರಿಟ್ಟಿಲೆ. ಅದರ ಮ್ಯಾಲ ದಾವಲಸಾಬ್ರು ಊದ್ಯಾರ. ಡಬ್ಬಿಯೊಳಗ ಎಲ್ಲಾ ಐತಿ, ತೆಗಿಸಿ ನೋಡ್ರಿ.”

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. ಒಳ್ಳೆಯ ಮನುಷ್ಯ, ಮುಂದೆ ನಿಂತ ಹೆಂಗಸಿಗೊಂದು ನೆರಳು ಮಾಡಿಕೊಡಬೇಕೆಂದು ಅವರಿಗನ್ನಿಸಿರಬೇಕು. ಗುಮಾಸ್ತನ ಕಡೆ ತಿರುಗಿ, ಆರೋಗ್ಯದ ದೃಷ್ಟಿಯಿಂದ ಮುನ್ನೆಚ್ಚರಿಕೆಯಾಗಿ ಒರೆಸಿದ್ದಾರೆ ಎಂದು ಬರೆದುಕೊಳ್ಳಲು ಹೇಳಿದರು.

ಎಷ್ಟು ಚೆಂದದ ಮಾತು. ಅದರೊಳಗೆ ಹೊಕ್ಕು ಕೂತರೆ ಸಾಕಿತ್ತು; ದಾವಲಸಾಬ ಹೇಗೂ ಉಳಿದಿದ್ದ. ದಾಕ್ಷಾಯಿಣಿ ಕಂಬದ ಕಡೆ ನೋಡಿದಳು. ಹುಲಿಗೆವ್ವನ ಮುಖದಲ್ಲಿ ಸಿಟ್ಟಿರಲಿಲ್ಲ. ಗುಮಾಸ್ತನ ಪೆನ್ನನ್ನೇ ನೋಡುತ್ತಿದ್ದಳು.

“ಆರೋಗ್ಯದ ಸಲುವಾಗಿ ಅಲ್ರಿ,” ಎಂದಳು ದಾಕ್ಷಾಯಿಣಿ. ದನಿ ಎಲ್ಲಿಂದಲೋ ಬಂದಂತಿತ್ತು. “ಆಕಿ ಬಾಯಿ ಹಚ್ಚ್ಯಾಳಂತ ಒರಸಿದೆ. ಹಂಗ ಬರ್ಕೊಳ್ರಿ.”

ಗುಮಾಸ್ತ ಅಧಿಕಾರಿಯ ಮುಖ ನೋಡಿದ. ಆಮೇಲೆ ಹಾಗೆಯೇ ಬರೆದುಕೊಂಡ.

ಗುರುಪಾದಪ್ಪನವರು ಗಂಟಲು ಸರಿಪಡಿಸಿಕೊಂಡು, ಇದು ನಿನಗೆ ಗೊತ್ತಿತ್ತೇನು ಎಂದು ಹುಲಿಗೆವ್ವನನ್ನು ಕೇಳಿದರು. ಅವಳು ಕಂಬ ಬಿಟ್ಟು ನೆಟ್ಟಗೆ ನಿಂತಳು.

“ಮ್ಯಾನ್‌ಹೋಲಿನ ಮುಚ್ಚಳ ಸರಿಸಿದ ಕೂಡ್ಲೇ ಒಳಗ ಯಾವ ಗ್ಯಾಸ್ ಐತಿ ಅಂತ ಮೂಗಿಲೇ ಹೇಳಾಕಿ ನಾನು. ಮಾರು ದೂರದಾಗ ಸ್ಪಿರಿಟ್ ತಗದ್ರ ಗೊತ್ತಾಗಂಗಿಲ್ಲೇನ್ರಿ? ಮೊದಲನೇ ದಿನಾನ ಗೊತ್ತಾತು.”

ಹಾಗಿದ್ದರೆ ಅವನ ಮೇಲೆ ಸುಳ್ಳು ಬಿದ್ದಾಗ ಯಾಕೆ ಹೇಳಲಿಲ್ಲ ಎಂದರು ಗುರುಪಾದಪ್ಪ.

“ಹೇಳಿದ್ರ, ನಿನ್ನೊಬ್ಬಾಕೀದ ಯಾಕ ಒರಸ್ತಾರ ಅಂತ ಕೇಳತಿದ್ರಿ. ಎಲ್ಲಾರ ಮುಂದ ಅದನ್ನ ನಾನ ನನ್ನ ಬಾಯಿಲೇ ಹೇಳಬೇಕಿತ್ತು.” ಅವಳು ದಾವಲಸಾಬನ ಕಡೆ ತಿರುಗಿದಳು. “ನಾಕ್ ಸರ್ತಿ ನಿಮ್ಮನಿ ತನಕ ಬಂದೆ ಕಾಕಾ. ಬಾಗಿಲಾ ಬಡಿಯಾಕ ಆಗಲಿಲ್ಲ.”

ದಾವಲಸಾಬ ಅವಳನ್ನು ನೋಡಿದ. ತನಗೆ ಅಂಟಿದ್ದ ಮಸಿ ಆಗತಾನೆ ತೊಳೆದುಹೋಗಿತ್ತು. ಆದರೂ ಅವನ ಮುಖದಲ್ಲಿ ಗೆಲುವು ಕಾಣಲಿಲ್ಲ. ತಿಳೀತವ್ವಾ ಎಂದಷ್ಟೇ ಹೇಳಿ ತಲೆ ತಗ್ಗಿಸಿದ. ದಾಕ್ಷಾಯಿಣಿಯ ಕಡೆ ಅವನು ತಿರುಗಲಿಲ್ಲ. ತಾನು ಇಷ್ಟು ದಿನ ಇಬ್ಬರ ಹೆಗಲ ಮೇಲೆ ಹೇರಿದ್ದ ನಾಚಿಕೆ ಹೊರಳಿ ತನ್ನ ಮನೆಗೆ ಬಂದದ್ದು ಅವಳಿಗೆ ಆಗ ತಿಳಿಯಿತು. ಅದು ಅವಳದ್ದೇ ಆಗಿತ್ತು, ಮೊದಲಿನಿಂದಲೂ.

ದಾವಲಸಾಬನ ಅಮಾನತು ರದ್ದಾಯಿತು, ದಾಕ್ಷಾಯಿಣಿಗೊಂದು ಎಚ್ಚರಿಕೆಯ ಪತ್ರ ಬಂತು. ಬೇರೆ ಯಾರಿಗೂ ತರಬೇತಿ ಇರಲಿಲ್ಲವಾಗಿ ಡಬ್ಬಿ ಅವಳ ಬಳಿಯೇ ಉಳಿಯಿತು. ವಿಚಾರಣೆಯ ಬಿಸಿಗೆ ಇಷ್ಟು ದಿನ ಬಾರದ ನಳಿಗೆಗಳು ಎರಡೇ ದಿನಕ್ಕೆ ಬಂದವು, ಒಂದು ದೊಡ್ಡ ರಟ್ಟಿನ ಪೆಟ್ಟಿಗೆಯ ತುಂಬ.

ಸೋಮವಾರ ಬೆಳಿಗ್ಗೆ ಡಿಪೊಗೆ ನಡೆದುಬರುತ್ತ ದಾಕ್ಷಾಯಿಣಿ ಮನಸ್ಸಿನಲ್ಲಿ ಒಂದು ನಿಶ್ಚಯ ಮಾಡಿಕೊಂಡಿದ್ದಳು. ಡಬ್ಬಿ ನೋಡಿಕೊಳ್ಳುವವರೂ ದಿನಾ ಒಮ್ಮೆ ಊದಬೇಕು. ಅವಳು ಯಾವಾಗಲೂ ಕೊನೆಯಲ್ಲಿ ಊದುತ್ತಿದ್ದಳು. ಇಂದು ಹುಲಿಗೆವ್ವ ಊದಿದೊಡನೆ, ಅದೇ ನಳಿಗೆಯಲ್ಲಿ, ಎಲ್ಲರೂ ನೋಡುವಂತೆ ತಾನು ಊದುವುದು. ಹಾಗೆ ಅಂದುಕೊಂಡ ಮೇಲೆ ನಾಲ್ಕು ದಿನಗಳಲ್ಲಿ ಮೊದಲ ಸಲ ಎದೆ ಹಗುರಾಗಿತ್ತು.

ಹುಲಿಗೆವ್ವ ಬಂದಳು. ಸೀಲು ಹರಿದು ಕೊಟ್ಟ ಹೊಸ ನಳಿಗೆಯನ್ನು ತಾನೇ ಸಿಕ್ಕಿಸಿ ಊದಿದಳು. ಹಸಿರು. ದಾಕ್ಷಾಯಿಣಿ ಎದ್ದು ನಿಂತು ಡಬ್ಬಿಯ ಕಡೆಗೆ ಬಾಗಿದಳು. ಅವಳೇನು ಮಾಡಹೊರಟಿದ್ದಾಳೆಂದು ಹುಲಿಗೆವ್ವನಿಗೆ ಅರೆಕ್ಷಣದಲ್ಲಿ ಗೊತ್ತಾಯಿತು. ಕೈ ಅಡ್ಡ ತಂದು ನಳಿಗೆಯನ್ನು ಕಿತ್ತು ಬುಟ್ಟಿಗೆ ಒಗೆದಳು.

“ಬ್ಯಾಡ್ರಿ ಅಕ್ಕಾರ.” ದನಿ ಮೆಲ್ಲಗಿತ್ತು, ಹಿಂದಿನವರಿಗೆ ಕೇಳಿಸದಷ್ಟು. “ನಿಮ್ಮ ಮನಸ್ಸು ಹಗರ ಮಾಡ್ಕೊಳ್ಳಾಕ ನನ್ನ ಎಂಜಲಾ ಬೇಕೇನ್ರಿ? ಯಾರ ಎಂಜಲಾನೂ ಯಾರಿಗೂ ಬ್ಯಾಡ. ಎಲ್ಲಾರಿಗೂ ಒಂದೊಂದು ಹೊಸಾ ನಳಿಗಿ ಕೊಡ್ರಿ. ನನಗೂ ಎಲ್ಲಾರಂಗ. ಅಷ್ಟ ಸಾಕು.”

ಅವಳು ಗಾಡಿಯ ಕೀಲಿ ತೆಗೆದುಕೊಂಡು ಹೊರಟುಹೋದಳು. ಹೊರಗೆ ದೊಡ್ಡ ಗಾಡಿ ಗುಡುಗಿ, ಗೇಟು ದಾಟಿತು.

ದಾಕ್ಷಾಯಿಣಿ ನಿಂತೇ ಇದ್ದಳು. ಡಬ್ಬಿ ಎಂದಿನಂತೆ ತನ್ನಷ್ಟಕ್ಕೆ ಗಾಳಿ ಎಳೆದುಕೊಳ್ಳುತ್ತಿತ್ತು. ಸೋಪಿನ ವಾಸನೆ, ಮಲ್ಲಿಗೆ, ಹೊಸ ಪ್ಲಾಸ್ಟಿಕ್ಕು. ಅವಳ ಬಲಗೈ ರೂಢಿಯಂತೆ ಖಾನೆಯ ಕಡೆಗೆ ಒಂದು ಬೆರಳಷ್ಟು ಸರಿದು ನಿಂತಿತು. ಅದನ್ನು ಎಲ್ಲಿಡುವುದೆಂದು ತಿಳಿಯದೆ ಕ್ಷಣಹೊತ್ತು ನೋಡಿದಳು. ಆಮೇಲೆ ಬಿಳಿ ಬಟ್ಟೆಯ ಮೇಲೆ, ಸಾಲಿನಲ್ಲಿದ್ದವರಿಗೆಲ್ಲ ಕಾಣುವಂತೆ, ಅಂಗೈ ಮೇಲಾಗಿ ಇಟ್ಟಳು. ಎಡಗೈಯಿಂದ ಇನ್ನೊಂದು ಹೊಸ ನಳಿಗೆ ಎತ್ತಿಕೊಂಡು, ಹಲ್ಲಿನಿಂದ ಸೀಲು ಹರಿಯಲು ಹೋದವಳು ತಡೆದು, ಹಾಗೇ ಮುಂದಕ್ಕೆ ಚಾಚಿದಳು.

ದಾವಲಸಾಬ ಸೀಲನ್ನು ತಾನೇ ಹರಿದುಕೊಂಡ. ಊದುವ ಮೊದಲು ಅವಳ ಮೇಜಿನತ್ತ ಒಮ್ಮೆ ನೋಡಿದ. ಆ ಖಾಲಿ ಕೈಯನ್ನೇ.